ಏಳು ಗಂಟೆಯ ಒಂದು ರಿಂಗ್

ಡಿಸೆಂಬರ್ 3, ಬುಧವಾರ. ಬೆಳಿಗ್ಗೆ 6.20

ಮತ್ತೆ ಹಾಲು ಉಕ್ಕಿತು. ಈ ವಾರದಲ್ಲಿ ಮೂರನೇ ಸಲ. ಒಲೆಯ ಮುಂದೆಯೇ ನಿಂತಿದ್ದೆ. ಫೋನ್ ಟಿಂಗ್ ಅಂದಿತು, ಅಷ್ಟೇ. ನೋಡಿದರೆ ಯಾವುದೋ ಚಪ್ಪಲಿ ಕಂಪನಿ — "ರೂಪಶ್ರೀ, ನಿಮ್ಮ ಕಾರ್ಟ್ ನಿಮಗಾಗಿ ಕಾಯುತ್ತಿದೆ." ಕಾಯಲಿ, ನನಗೇನು.

ಸಾದಿಯಾ ಹೊದಿಕೆಯೊಳಗಿಂದಲೇ, "ಸ್ಟವ್ ನೀನೇ ಒರೆಸ್ಬೇಕು ಕಣೇ, ನಂಗೊತ್ತಿಲ್ಲ" ಅಂದಳು. ಕುಣಿಗಲ್‌ನವಳು. ತುಮಕೂರಿನ ಸದಾಶಿವನಗರದ ಈ ಮಹಡಿ ರೂಮಿನಲ್ಲಿ ಎರಡು ವರ್ಷದಿಂದ ನಾವಿಬ್ಬರೇ. ಅವಳದು ಒಂದು ಸಬ್ಜೆಕ್ಟೂ ಬಾಕಿ ಇಲ್ಲ. ನನ್ನದು ಒಂದಿದೆ, ಸ್ಟ್ಯಾಟಿಸ್ಟಿಕ್ಸ್. ಎರಡು ಸಲ ಫೇಲ್. 18ಕ್ಕೆ ಮೂರನೇ ಸಲ.

ದೀಪಾವಳಿಗೆ ಗುಬ್ಬಿಗೆ ಹೋದಾಗ ಅಮ್ಮ ಹೇಳಿಬಿಟ್ಟಳು. ಮುದ್ದೆ ಕಟ್ಟುತ್ತಾ, ನನ್ನ ಮುಖವನ್ನೂ ನೋಡದೆ — "ಈ ಸಲನೂ ಹೋದ್ರೆ ಸಾಕು, ಮನೆಗ್ ಬಂದ್ಬುಡು. ಓದಿದ್ದು ಆಯ್ತು." ಅಪ್ಪ ಸುಮ್ಮನೆ ಊಟ ಮಾಡಿದರು. ಅಪ್ಪ ಯಾವತ್ತು ಬಾಯಿ ಬಿಟ್ಟಿದ್ದಾರೆ.

ಹೋಗುವುದಿಲ್ಲ ನಾನು. ಡಿಗ್ರಿ ಮುಗಿಸಿ ಬಂದರೆ ಕೆಲಸ ಕೊಡುತ್ತೇವೆ ಅಂತ ಇಲ್ಲೇ ಸತ್ಯಮಂಗಲದ ಒಂದು ಫ್ಯಾಕ್ಟರಿಯವರು ಹೇಳಿದ್ದಾರೆ. ಕಿಟಕಿ ಪಕ್ಕದ ಮೇಜು. ಆ ಮೇಜನ್ನೂ ನೋಡಿಕೊಂಡು ಬಂದಿದ್ದೇನೆ.

ಅದೇ ದಿನ, ಸಂಜೆ 5.40

ಸಾದಿಯಾ ಕೂತು ಎಣಿಸಿದಳು. ಬೆಳಗಿನಿಂದ ನನ್ನ ಫೋನಿಗೆ ಬಂದ ನೋಟಿಫಿಕೇಷನ್ — 187! ಕ್ಲಾಸ್ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂಗಳೇ ನಲವತ್ತು. ಯಾರದೋ ಸೀಮಂತದ ಫೋಟೋ. ರೀಲ್ಸು. "ಓದಲು ಮರೆತಿರಾ?" ಅಂತ ಓದಿಸುವ ಆ್ಯಪ್ ಹನ್ನೊಂದು ಸಲ.

"ನೂರಾ ಎಂಬತ್ತೇಳು ಸಲ ಯಾರಾದ್ರೂ ಬಾಗಿಲು ಬಡಿದ್ರೆ ಓದ್ತೀಯೇನೇ ನೀನು? ಇವತ್ತಿಂದ ಸಂಜೆ ಆರಕ್ಕೆ ಡು ನಾಟ್ ಡಿಸ್ಟರ್ಬ್. ಫೋನ್ ನನ್ ಟ್ರಂಕಲ್ಲಿ. ಬೆಳಿಗ್ಗೆ ಕೊಡ್ತೀನಿ."

"ನಮ್ಮಮ್ಮನ ಏಳು ಗಂಟೆ ರಿಂಗು?"

ನಾನು ಪಿಯುಸಿಗೆ ಹಾಸ್ಟೆಲ್ ಸೇರಿದಾಗ ಶುರುವಾದದ್ದು ಅದು. ಅಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಅವಳದು ಬಟನ್ ಫೋನು. ಸಂಜೆ ಏಳಕ್ಕೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ನನಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾಳೆ. ಅಂದರೆ, ಇಲ್ಲಿ ಎಲ್ಲ ಚೆನ್ನಾಗಿದೆ. ನಾನು ತಿರುಗಿ ಒಂದು ಕೊಟ್ಟರೆ, ಇಲ್ಲೂ. ಬೆನ್ನಿಗೇ ಎರಡನೇ ಸಲ ಮಾಡಿದರೆ ಕೆಟ್ಟ ಸುದ್ದಿ. ಹಾಗೆ ಬಂದದ್ದು ಒಂದೇ ದಿನ, ಅಜ್ಜ ಸಿದ್ದಗಂಗಯ್ಯ ತೀರಿಕೊಂಡಾಗ.

"ಅರೆ, ಇನ್ನೂ ಚೆನ್ನಾಗಾಯ್ತು!" ಅಂದಳು ಸಾದಿಯಾ. "ಒಂದ್ಸಲ ಮಾಡಿದ್ರೆ ಸೌಂಡ್ ಬರಲ್ಲ. ಹದಿನೈದು ನಿಮಿಷದೊಳಗೆ ಅದೇ ನಂಬರಿಂದ ಇನ್ನೊಂದ್ಸಲ ಬಂದ್ರೆ ಟ್ರಂಕ್ ಒಳಗಿಂದ್ಲೂ ಹೊಡ್ಕೊಳುತ್ತೆ. ಸೆಟ್ಟಿಂಗ್ ಇದೆ."

ನಮ್ಮ ಮನೆಯ ಕಾನೂನು ಫೋನಿಗೂ ಗೊತ್ತಿದೆಯಲ್ಲ! ಟ್ರಂಕ್ ಸುಮ್ಮನಿದ್ದರೆ ಎಲ್ಲ ಚೆನ್ನಾಗಿದೆ ಎಂದೇ ಅರ್ಥ. ಅಮ್ಮನಿಗೆ ಹೇಳಬೇಕು. ಭಾನುವಾರ ಹೇಗೂ ಮಾತಾಡುತ್ತೇನೆ, ಆಗ ಹೇಳಿದರಾಯಿತು.

ಡಿಸೆಂಬರ್ 5, ಶುಕ್ರವಾರ. ಸಂಜೆ 6.50

ಎಷ್ಟೊಂದು ಶಬ್ದ ಇದೆ ಈ ಊರಲ್ಲಿ... ಯಾವತ್ತೂ ಕೇಳಿಸಿರಲೇ ಇಲ್ಲ. ಕೆಳಗೆ ಓನರ್ ಶಿವರುದ್ರಮ್ಮ ಆಂಟಿ ಒಗ್ಗರಣೆ ಹಾಕಿದ್ದು. ಎದುರು ಮನೆಯ ಮಗು ಮಗ್ಗಿ ಹೇಳುತ್ತಾ ಹದಿಮೂರರಲ್ಲಿ ಎಡವಿದ್ದು. ದೂರದಲ್ಲಿ ರೈಲು. ಅದು ಗುಬ್ಬಿ ಕಡೆ ಹೋಗುತ್ತದೆ.

ಆದರೆ ಓದು? ಒಂದು ಪುಟವೂ ಇಲ್ಲ. ಫೋನ್ ಸುಮ್ಮನಾದರೆ ತಲೆಯೇ ಟಿಂಗ್ ಟಿಂಗ್ ಅನ್ನುತ್ತಿದೆ. ಕುಣಿಗಲ್‌ನಲ್ಲಿ ಕುದುರೆ ಫಾರಂ ಬೇಲಿಯಾಚೆ ಮಂಜಿನಲ್ಲಿ ಮರಿಗಳು ಓಡುತ್ತವೆ ಅಂತ ಸಾದಿಯಾ ಯಾವತ್ತೋ ಹೇಳಿದ್ದಳು. ಇವತ್ತು ಅವು ನನ್ನ ಗ್ರಾಫ್ ಶೀಟಿನ ಮೇಲೆ ಓಡಿದವು. ಬಿಳಿಯದೊಂದು ಎಕ್ಸ್ ಅಕ್ಷದ ಮೇಲೆ ನಿಂತು ನನ್ನನ್ನೇ ನೋಡಿತು. ಅರ್ಧ ಗಂಟೆ ಹೋಯಿತು. ಚೆನ್ನಾಗಿತ್ತು.

ಡಿಸೆಂಬರ್ 8, ಸೋಮವಾರ. ಬೆಳಿಗ್ಗೆ 7

ಲೆಕ್ಕ ಬಂತು!! ರಿಗ್ರೆಷನ್, ಇಡೀ ಲೆಕ್ಕ, ಉತ್ತರ ನೋಡದೆ! ನಿನ್ನೆ ಪುಸ್ತಕ ಹಿಡಿದು ಅಮಾನಿಕೆರೆ ದಂಡೆಗೆ ಹೋಗಿ ಕೂತಿದ್ದೆ. ನೀರಿನಲ್ಲಿ ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ಅದು ಅಲ್ಲಾಡುವವರೆಗೆ ನಾನೂ ಅಲ್ಲಾಡುವುದಿಲ್ಲ ಅಂತ ಪಂಥ ಕಟ್ಟಿದೆ. ಮಹರಾಯ ಎರಡು ಗಂಟೆ ಅಲ್ಲಾಡಲಿಲ್ಲ. ಏಳು ಲೆಕ್ಕ ಮಾಡಿದೆ.

ಅಯ್ಯೋ, ಅಮ್ಮನಿಗೆ ಮಾಡಲೇ ಇಲ್ಲವಲ್ಲ... ಬೆಳಿಗ್ಗೆ ಫೋನ್ ಕೈಗೆ ಬಂದಾಗ ಅವಳ ಮಿಸ್ಡ್ ಕಾಲ್ ಒಂದಿತ್ತು. ಒಂದೇ. ಈಗ ರಿಂಗ್ ಕೊಟ್ಟರೆ ಹೊತ್ತಲ್ಲದ ಹೊತ್ತಿನಲ್ಲಿ ಬಂತಲ್ಲ ಎಂದು ಗಾಬರಿಬಿದ್ದು ಸಾಂಬಾರಿಗೆ ಉಪ್ಪು ಎರಡು ಸಲ ಹಾಕುತ್ತಾಳೆ. ಇರಲಿ. ಎಲ್ಲ ಚೆನ್ನಾಗಿದೆ ಅಂತ ಗೊತ್ತಾಯಿತಲ್ಲ.

ಡಿಸೆಂಬರ್ 13, ಶನಿವಾರ. ಮಧ್ಯಾಹ್ನ 3

ಐದು ದಿನ ಏನೂ ಬರೆದಿಲ್ಲ. ಓದುತ್ತಿದ್ದೆ, ನಿಜವಾಗಿ! ಕಿಟಕಿಯಲ್ಲಿ ಕೂರುವುದು, ಬರೆಯುವುದು, ಅಳಿಸುವುದು. "ಏನವ್ವಾ, ಮೌನವ್ರತನಾ?" ಅಂತ ಶಿವರುದ್ರಮ್ಮ ಆಂಟಿ ನಕ್ಕರು.

ಕನಸುಗಳು ಈಗ ರಸ್ತೆಗೂ ಇಳಿದಿವೆ. ಗ್ರಾಫ್ ಶೀಟ್ ತರಲು ಹೋದಾಗ ರಸ್ತೆಯಾಚೆ ಅಪ್ಪನನ್ನು ಕಂಡೆ. ಬಿಳಿ ಪಂಚೆ, ಕೈಯಲ್ಲಿ ನಮ್ಮ ಹಸಿರು ಫ್ಲಾಸ್ಕು. ಮುಚ್ಚಳ ಬೀಳಬಾರದೆಂದು ಅಮ್ಮ ಕಟ್ಟಿದ ಕೆಂಪು ದಾರ ಕೂಡ ಕಂಡಿತು. ಮಧ್ಯೆ ಒಂದು ಬಸ್ ಬಂತು. ಬಸ್ ಹೋದ ಮೇಲೆ ಯಾರೂ ಇರಲಿಲ್ಲ. ಆ ಹೊತ್ತಿಗೆ ಅಪ್ಪ ಗುಬ್ಬಿಯ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಾ ಕೂತಿರುತ್ತಾರೆ. ಆದರೂ ಎಷ್ಟು ಸ್ಪಷ್ಟವಾಗಿತ್ತು. ದಾರಿಯುದ್ದಕ್ಕೂ ನಗುತ್ತಾ ಬಂದೆ. ಮನೆಯವರು ನೆನೆಸಿಕೊಂಡರೆ ಹೀಗೆ ಕಣ್ಣಿಗೆ ಕಾಣುತ್ತಾರೇನೋ.

ಡಿಸೆಂಬರ್ 14, ಭಾನುವಾರ. ಸಂಜೆ 4

ಮರೆಯದೆ ಅಮ್ಮನಿಗೆ ಮಾಡಿದೆ. ಸ್ವಿಚ್ ಆಫ್. ಗುಬ್ಬಿಯಲ್ಲಿ ಕರೆಂಟ್ ಹೋಗಿರಬೇಕು, ಚಾರ್ಜ್ ಇಲ್ಲ. ಸಾದಿಯಾ ಕುಣಿಗಲ್‌ಗೆ ಹೋಗಿದ್ದಾಳೆ. ಟ್ರಂಕಿನ ಕೀಲಿ ಇವತ್ತು ನನ್ನ ಹತ್ತಿರವೇ. ಆದರೂ ಆರಕ್ಕೆ ಫೋನ್ ಒಳಗಿಡುತ್ತೇನೆ, ನೋಡುತ್ತಿರಲಿ ಅವಳು.

ಡಿಸೆಂಬರ್ 16, ಮಂಗಳವಾರ. ಸಂಜೆ 4.30

ಸಾದಿಯಾ ಊರಿಂದ ಬಂದಳು. ಅಪ್ಪನನ್ನು ಕಂಡ ಕನಸನ್ನು ತಮಾಷೆಗೆ ಹೇಳಿದೆ. ಅವಳು ನಗಲಿಲ್ಲ.

"ಹುಚ್ಚೀ, ಹಗಲುಗನಸಲ್ಲಿ ಯಾರಿಗಾದ್ರೂ ಫ್ಲಾಸ್ಕಿನ ದಾರ ಕಾಣುತ್ತಾ? ಆ ರಸ್ತೇಲಿ ಏನಿದೆ ಹೇಳು."

ಆಸ್ಪತ್ರೆ ಇದೆ.

ಅಪ್ಪನಿಗೆ ಫೋನ್ ಮಾಡಿದೆ. ಎತ್ತಿದರು. ಹಿಂದೆ ಯಾರೋ ಹೆಂಗಸು ಟೋಕನ್ ನಂಬರ್ ಕೂಗುತ್ತಿದ್ದಳು.

"ಅಪ್ಪಾ, ಎಲ್ಲಿದೀರ?"

"ಇಲ್ಲೇ ಕಣವ್ವಾ... ತುಮ್ಕೂರಲ್ಲೇ."

ಸಾದಿಯಾ ಆಟೋ ಕರೆಯಲು ಇಳಿದಿದ್ದಾಳೆ. ಅವಳು ಕೂಗುವವರೆಗೆ

ಡಿಸೆಂಬರ್ 17, ಬುಧವಾರ. ಬೆಳಿಗ್ಗೆ 9, ಆಸ್ಪತ್ರೆ ವರಾಂಡ

ಅಮ್ಮ ಗುರುವಾರದಿಂದ ಇಲ್ಲಿದ್ದಾಳೆ. ಗರ್ಭಕೋಶದಲ್ಲಿ ಗೆಡ್ಡೆ. ನನ್ನ ರೂಮಿನಿಂದ ಆಟೋದಲ್ಲಿ ಹತ್ತು ನಿಮಿಷ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ, ನಾನು ಕಿಟಕಿಯಲ್ಲಿ ಕೂತು ಗುಬ್ಬಿಯ ದೀಪ ನೆನೆಸುತ್ತಿದ್ದೆ. ಅವಳು ಈ ಕಬ್ಬಿಣದ ಮಂಚದ ಮೇಲಿಂದ ದಿನಾ ಏಳಕ್ಕೆ ಒಂದು ರಿಂಗ್ ಕೊಟ್ಟಿದ್ದಾಳೆ — ಇಲ್ಲಿ ಎಲ್ಲ ಚೆನ್ನಾಗಿದೆ. ಕೊಟ್ಟು, ಉಳಿದ ಹೊತ್ತೆಲ್ಲ ಫೋನ್ ಆಫ್, ನಾನು ಮಾತಾಡಿಸಿ ಗುಟ್ಟು ಹಿಡಿದೇನೆಂದು.

ಆಪರೇಷನ್ ಮೊನ್ನೆ ಸೋಮವಾರವೇ ಆಗಬೇಕಿತ್ತಂತೆ. ಅಪ್ಪ ಹೇಳಿದರು. ನನ್ನ ಜನ್ಮದಲ್ಲೇ ಅಪ್ಪ ಇಷ್ಟು ಉದ್ದ ಮಾತಾಡಿದ್ದು ಕೇಳಿಲ್ಲ.

"ಇವ್ಳು ಒಪ್ಲೇ ಇಲ್ಲ ಕಣವ್ವಾ. ಮಗಳ ರಿಂಗ್ ಬರ್ತಾ ಇಲ್ಲ, ಅವ್ಳು ಹೆಂಗವ್ಳೋ ಏನೋ, ತಿಳೀದೆ ಮತ್ತಿನ ಸೂಜಿ ಚುಚ್ಚಿಸ್ಕಳಲ್ಲ ಅಂದ್ಳು. ಡಾಕ್ಟ್ರು ಬೈದ್ರು. ಕೇಳ್ಲಿಲ್ಲ. ನಾನು ಮೂರ್ ಸಲ ಬಂದು ಬೀದೀಲಿ ನಿಂತ್ಕಂಡು ನಿನ್ನ ನೋಡ್ಕಂಡೋದೆ. ಕಿಟಕೀಲಿ ಕೂತು ಬರೀತಿದ್ದೆ. ಹೋಗಿ ಹೇಳಿದ್ರೆ ನಂಬಲ್ಲ ಇವ್ಳು. ನನ್ ಸಮಾಧಾನಕ್ಕೆ ಸುಳ್ಳೇಳ್ತೀರ ಅಂತ."

"ಮೇಲ್ ಬರ್ಬಾರ್ದಿತ್ತಾ ಅಪ್ಪಾ?"

"ಆಣೆ ಇಕ್ಕಿಸ್ಕಂಡಿದ್ಳು. ಪರೀಕ್ಷೆ ಮುಗಿಯೋಗಂಟ ಹೇಳ್ಬೇಡ ಅಂತ."

ಬೀದಿಯಲ್ಲಿ ನಿಂತು ನೋಡಿದ್ದಾರೆ ಅಪ್ಪ. ನಾನು ತಲೆ ಎತ್ತಲಿಲ್ಲ. ಓದುತ್ತಿದ್ದೆನೋ, ಕುದುರೆ ಮೇಯಿಸುತ್ತಿದ್ದೆನೋ, ಶಿವನೇ ಬಲ್ಲ.

ಅಮ್ಮನ ಕಾಲ ಮೇಲೆ ತಲೆ ಇಟ್ಟು ಅತ್ತೆ. "ಎರಡ್ ಸಲ ಮಾಡ್ಬೇಕಿತ್ತಮ್ಮ ನೀನು. ಕೇಳಿಸ್ತಿತ್ತು ನಂಗೆ."

"ಎರಡ್ ಸಲ ಮಾಡಿದ್ರೆ ನೀನ್ ಎದೆ ಒಡ್ಕಳ್ತಿದ್ದೆ ಬುಡು. ನಂಗೇನ್ ಗೊತ್ತು ನಿನ್ ಫೋನಿಗೆ ಅಂಥ ರೋಗ ಬಂದದೆ ಅಂತ." ಕೂದಲಲ್ಲಿ ಕೈಯಾಡಿಸಿದಳು. "ಸಣ್ಣ ಆಗಿದೀಯ. ಏನ್ ತಿಂತಿದೀಯ ಅಲ್ಲಿ?"

ಒಂದು ಬೆರಳು ಒತ್ತುವ ಕೆಲಸ. ಹದಿಮೂರು ಸಂಜೆ ಒತ್ತಲಿಲ್ಲ. ಚಪ್ಪಲಿ ಕಂಪನಿಯನ್ನೂ ಅಮ್ಮನನ್ನೂ ಒಂದೇ ಟ್ರಂಕಿಗೆ ಹಾಕಿ ಬೀಗ ಜಡಿದೆ.

ಅದೇ ದಿನ, ಸಂಜೆ 5

ಆಪರೇಷನ್ ನಾಳೆ ಬೆಳಿಗ್ಗೆ ಹತ್ತಕ್ಕೆ. ಪರೀಕ್ಷೆಯೂ ಹತ್ತಕ್ಕೆ. ಅತ್ತ ದರಿ, ಇತ್ತ ಪುಲಿ. ಪರೀಕ್ಷೆ ಬೇಡ, ಇಲ್ಲೇ ಇರುತ್ತೇನೆ ಅಂದೆ. ಆಯಿತು, ಫೇಲ್ ಅಂತಲೇ ಅಂದುಕೊಳ್ಳಿ, ಮನೆಗೇ ಬರುತ್ತೇನೆ ಅಂತಲೂ ಅಂದೆ.

ಅಮ್ಮ ಎದ್ದು ಕೂತಳು. ಅವಳ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಏನೆಂದು ನನಗೆ ತಿಳಿಯಲಿಲ್ಲ. ಆಮೇಲೆ ಗಟ್ಟಿಯಾಗಿ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು. "ನೀನ್ ಬರೆಯಾಕ್ ಹೋಗ್ಲಿಲ್ಲ ಅಂದ್ರೆ ನಾನು ಒಳೀಕ್ ಹೋಗಲ್ಲ. ಹೊತ್ಕಂಡೋದ್ರೂ ಇಳ್ದು ಬತ್ತೀನಿ. ನೋಡೇಬುಡಾನ."

ಪಕ್ಕದ ಮಂಚದ ಅಜ್ಜಿ ಕೂಡ ನಕ್ಕಿತು. ನಾನೂ ನಕ್ಕೆ, ಅಳುತ್ತಲೇ.

ಡಿಸೆಂಬರ್ 18, ಗುರುವಾರ. ಮಧ್ಯಾಹ್ನ 1.15, ಆಟೋದಲ್ಲಿ

ಮೂರು ಗಂಟೆ ಒಂದು ಕನಸೂ ಬೀಳಲಿಲ್ಲ. ಕುದುರೆ ಇಲ್ಲ, ರೈಲಿಲ್ಲ. ಬೇಗ ಮುಗಿಸಬೇಕು, ಸರಿಯಾಗಿ ಮುಗಿಸಬೇಕು — ಅದೊಂದೇ. ಎಲ್ಲ ಪ್ರಶ್ನೆಗೂ ಬರೆದಿದ್ದೇನೆ. ಹೊರಗೆ ಸಾದಿಯಾ ಫೋನ್ ಹಿಡಿದು ಓಡಿಬಂದಳು. "ಆಚೆ ಕರ್ಕೊಂಡ್ ಬಂದ್ರಂತೆ ಕಣೇ, ಚೆನ್ನಾಗಿದಾರಂತೆ! ನಿಮ್ಮಪ್ಪ ಮಾಡಿದ್ರು!" ಇಬ್ಬರೂ ಗೇಟಿನಲ್ಲೇ ತಬ್ಬಿಕೊಂಡು ಕುಣಿದೆವು. ವಾಚ್‌ಮನ್ ಬೈದ.

ಮಧ್ಯಾಹ್ನ 2.40, ವಾರ್ಡ್

ಅಮ್ಮನಿಗೆ ಸೂಜಿಯ ಮತ್ತು ಇನ್ನೂ ಇಳಿದಿಲ್ಲ. ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದಾಳೆ, ತುಂಡು ತುಂಡಾಗಿ. ಮಕ್ಕಳಿಗೆ ಸಾಂಬಾರು ಸಾಲುವುದಿಲ್ಲವಂತೆ. ಯಾರೋ ಕೆರೆ ಏರಿ ಮೇಲೆ ದೀಪ ಹಿಡಿದು ಹೋಗುತ್ತಿದ್ದಾರಂತೆ. ಚೆನ್ನಾಗಿದೆಯಂತೆ ನೋಡಲು. ಹಗಲುಗನಸಿನ ರೋಗ ನನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು. ಕೈ ಹಿಡಿದುಕೊಂಡು ಕೇಳುತ್ತಾ ಕೂತಿದ್ದೇನೆ. ಹಾಯಾಗಿದೆ. ಕಿಟಕಿಯಿಂದ ಬಿಸಿಲು ಅವಳ ಹೊದಿಕೆಯ ಮೇಲೆ ಬಿದ್ದಿದೆ.

2.55

ಈಗ ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

"ದೀಪದ್ ಮುಂದೆ ದಿನಾ ಬೇಡ್ಕಂಡೆ ಶಿವನೇ... ಮಗಳು ಫೇಲಾಗ್ಲಿ ಅಂತ... ಮನೆಗ್ ಬತ್ತಾಳಲ್ಲ ಅಂತ. ಅವ್ಳಿಲ್ದೆ ಮನೇಲಿ ಆಗಲ್ಲ ನಂಗೆ. ತಪ್ಪಾಯ್ತಪ್ಪಾ... ತಪ್ಪಾಯ್ತು. ಪಾಸ್ ಮಾಡ್ಸ್ಬುಡು."

ಅಪ್ಪ ಎದ್ದು ಫ್ಲಾಸ್ಕ್ ತೊಳೆಯಲು ಹೋದರು. ಫ್ಲಾಸ್ಕ್ ಖಾಲಿ ಇರಲಿಲ್ಲ.

ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ನಾನು ಸೋಲಲಿ ಅಂತ ಒಬ್ಬರು ದಿನಾ ದೀಪ ಹಚ್ಚಿದ್ದಾರೆ, ನಾನು ಬೇಕು ಅಂತ. ಇಷ್ಟು ಬೇಕಾಗಿದ್ದೆನೇ ನಾನು ಅವಳಿಗೆ?

ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿದಳು. "ಹೆಂಗ್ ಬರ್ದೆ ಮಗಾ?" ಅಂತಿದ್ದಾಳೆ. ಮತ್ತೆ ಕೇಳುತ್ತಿದ್ದಾಳೆ. ತುಂಬ ಚೆನ್ನಾಗಿ ಬರೆದಿದ್ದೇನೆ. ಖಂಡಿತ ಪಾಸಾಗುತ್ತೇನೆ. ಅದನ್ನು ಇವಳ ಮುಖ ನೋಡಿಕೊಂಡು ಹೇಗೆ ಹೇಳಲಿ