ಬನಶಂಕರಿಯವರೆಗೆ ಏಳದ ಎಂಜಿನ್

ವಿದ್ಯಾಗಿರಿ, ಸೋಮವಾರ

ಅಹ್ಮದಸಾಬ ಚಾಚಾ ಅವರಿಗೆ, ರಾಮಥಾಳದ ಅಮಸಿದ್ದ ಮಾಡುವ ಸಲಾಮು.

ದಿನಾಲೂ ಒಂದೇ ಗೇಟಿನ ಬಳಿ ಕೂತು ಚಹಾ ಕುಡಿಯುವವನು ಪತ್ರ ಯಾಕೆ ಬರೆದ ಎಂದು ನಗಬೇಡಿ. ನಿಮ್ಮ ಎದುರಿಗೆ ನಿಂತರೆ ನನ್ನ ನಾಲಿಗೆ ಏಳುವುದಿಲ್ಲ. ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಈ ನಾಲ್ಕು ತಿಂಗಳೂ ನಾನು ನಿಮ್ಮ ಮೇಲೆ ಸಂಶಯಪಟ್ಟಿದ್ದೇನೆ.

ದಾನಮ್ಮ ಮೇಡಂ ಕರೆಂಟು, ಪೆಟ್ರೋಲು ಎರಡರ ಮೇಲೂ ಓಡುವ ಗಾಡಿ ತಂದ ದಿನದಿಂದ ಇದು ಶುರುವಾಯಿತು. ಗೋಡೆಯ ಪ್ಲಗ್ಗಿಗೆ ಹಾಕಿಟ್ಟರೆ ಐವತ್ತು ಕಿಲೋಮೀಟರಿನ ಹತ್ತಿರ ಬರೀ ಕರೆಂಟಿನ ಮೇಲೆ ಹೋಗುತ್ತದೆ, ಬ್ಯಾಟರಿ ಮುಗಿದರೆ ಎಂಜಿನ್ ತಾನೇ ಏಳುತ್ತದೆ ಎಂದು ಶೋರೂಮಿನವರು ಹೇಳಿಹೋದರು. ಹಲ್ಲಿನ ಡಾಕ್ಟರಾದ ಮೇಡಂಗೆ ಆವತ್ತಿನಿಂದ ಒಂದೇ ಪ್ರಶ್ನೆ: “ಇವತ್ತ ಎಂಜಿನ್ ಎಲ್ಲಿ ಎದ್ದಿತು?” ಅದನ್ನು ಓಡಿಸುವುದು ಒಂದು ವಾರ ನೀವು, ಒಂದು ವಾರ ನಾನು; ಇನ್ನೊಬ್ಬರಿಗೆ ಮನೆಯ ಹಳೆಯ ಗಾಡಿ. ಬುಧವಾರ ಬಂತೆಂದರೆ ಇಬ್ಬರಿಗೂ ಅದೇ ಬಾದಾಮಿ ರಸ್ತೆ, ಬನಶಂಕರಿಯಲ್ಲಿ ಮೇಡಂ ನಡೆಸುವ ಅದೇ ಹಲ್ಲಿನ ಶಿಬಿರ. ನನ್ನ ವಾರದಲ್ಲಿ ಬಾದಾಮಿಯ ಗುಡ್ಡ ಕಾಣುವಷ್ಟರಲ್ಲೇ ಎಂಜಿನ್ ಗುರ್ ಎನ್ನುತ್ತಿತ್ತು. ನಿಮ್ಮ ವಾರದಲ್ಲಿ ಬಾದಾಮಿ ದಾಟಿ ಬನಶಂಕರಿಯ ಹೊಂಡದ ಪಕ್ಕ ನಿಲ್ಲುವವರೆಗೂ ಸದ್ದಿರಲಿಲ್ಲ.

“ನಿನ್ನ ಕಾಲಾಗ ಏನ್ ಕಬ್ಬಿಣ ತುಂಬೇತೇನೋ? ಅಹ್ಮದಸಾಬನ್ನ ನೋಡಿ ಕಲಿ,” ಎಂದು ಮೇಡಂ ಹಂಗಿಸುತ್ತಿದ್ದರು.

ನೀವು ಕಲಿಸಲಿಲ್ಲ ಎನ್ನಲಾರೆ. “ಪ್ಲಗ್ ಕೀಳೂ ಮೊದಲ ಏಸಿ ಹಚ್ಚಿ ಗಾಡಿ ತಣ್ಣಗ ಮಾಡ್ಕೊ ಲೇ, ಆ ಕರೆಂಟ್ ಗ್ವಾಡಿದ್ದು, ಬ್ಯಾಟರಿದಲ್ಲ,” ಎಂದಿರಿ. ವಾರಕ್ಕೊಮ್ಮೆ ಟೈರಿನ ಗಾಳಿ ನೋಡಿಸಿದಿರಿ. ಡಿಕ್ಕಿಯಲ್ಲಿದ್ದ ಬೇಡದ ಭಾರವನ್ನೆಲ್ಲ ಇಳಿಸಿದಿರಿ. ತಿರುವು ಬರುವ ಮೊದಲೇ ಕಾಲು ಎತ್ತಿದರೆ ಗಾಲಿಯ ಓಟ ಮತ್ತೆ ಕರೆಂಟಾಗಿ ಬ್ಯಾಟರಿಗೆ ಸೇರುತ್ತದೆ ಎಂದು ತೋರಿಸಿದಿರಿ. ಹುನಗುಂದದ ಕಡೆ ದೊಡ್ಡ ರಸ್ತೆಗೆ ಹತ್ತಿದ ಕೂಡಲೇ ಗುಂಡಿ ಒತ್ತಿ ಪೆಟ್ರೋಲಿಗೆ ಹಾಕಿ, ಕರೆಂಟನ್ನು ಊರೊಳಗಿನ ಓಣಿಗಳಿಗೆ ಉಳಿಸಬೇಕೆಂದಿರಿ. ಅದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಆದರೂ ಎಂಟೊಂಬತ್ತು ಕಿಲೋಮೀಟರು ಕಡಿಮೆಯೇ ಬಿತ್ತು.

ಚಾಚಾ ಎಲ್ಲವನ್ನೂ ಹೇಳಿ ಒಂದನ್ನು ಮಾತ್ರ ಮುಚ್ಚಿಟ್ಟಿದ್ದಾರೆ ಎಂದು ಮನಸ್ಸು ಹೇಳತೊಡಗಿತು. ಬಾದಾಮಿಯಲ್ಲಿ ನಿಮ್ಮ ಮಗಳು ಹುಸೇನಬಿಯ ಮನೆ ಇದೆಯಲ್ಲ, ಅಲ್ಲಿ ವೈರು ಎಳೆದು ಕದ್ದು ಚಾರ್ಜ್ ಮಾಡುತ್ತೀರಿ ಎಂದುಕೊಂಡೆ. ನಿಮ್ಮ ವಾರ ಶುರುವಾಗುವ ಮೊದಲು ಮನೆಯ ಗೋಡೆಯದಲ್ಲ, ದಾರಿಗೆಂದು ಡಿಕ್ಕಿಯಲ್ಲಿ ಇಟ್ಟಿರುವ ಇನ್ನೊಂದು ಚಾರ್ಜಿಂಗ್ ವೈರಿಗೆ ಕರಿ ಉಣ್ಣೆಯ ಒಂದು ಎಳೆ ಸುತ್ತಿಟ್ಟೆ. ಬಿಚ್ಚಿದರೆ ಎಳೆ ಹರಿಯಬೇಕು. ವಾರ ಕಳೆದ ಮೇಲೆ ನೋಡಿದರೆ ಸುತ್ತಿದ ಹಾಗೆಯೇ ಇತ್ತು. ಸಂಶಯ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಬೆಳಗ್ಗೆ ಗಾಡಿ ಚಾಲು ಮಾಡಿ, “ಎಷ್ಟ ತೋರಸಾಕತ್ತೈತಿ, ಓದಿ ಹೇಳು,” ಎನ್ನುತ್ತಿದ್ದಿರಿ. ಹಿಂದಿನ ದಿನಗಳಲ್ಲಿ ಓಡಿಸಿದವನ ಕಾಲು ಹೇಗಿತ್ತೋ ಅದನ್ನು ಹಿಡಿದು ಕರೆಂಟಿನ ಮೇಲೆ ಎಷ್ಟು ಕಿಲೋಮೀಟರು ಹೋದೀತೆಂದು ಆ ಗಾಡಿ ಅಂದಾಜು ತೋರಿಸುತ್ತದೆ. ನಿಮ್ಮ ವಾರದಲ್ಲಿ ಐವತ್ತೆರಡು, ನನ್ನ ವಾರದಲ್ಲಿ ನಲವತ್ತಮೂರು. ನಿಮ್ಮ ಐವತ್ತೆರಡನ್ನು ನನ್ನ ಬಾಯಿಂದಲೇ ಓದಿಸಿ ಹೊಟ್ಟೆ ಉರಿಸುತ್ತೀರಿ ಎಂದು ಹಲ್ಲು ಕಚ್ಚುತ್ತಿದ್ದೆ. ಪ್ಲಗ್ ಹಾಕುವಾಗ ನೀವು ಅದರ ತೂತನ್ನು ಬೆರಳಿನಿಂದ ತಡವಿ, ಆಮೇಲೆ ಮೆಲ್ಲಗೆ ಒತ್ತುತ್ತಿದ್ದಿರಿ. ಗುಟ್ಟು ಅಲ್ಲೇ ಇದೆಯೆಂದು ನಾನೂ ಹದಿನೈದು ದಿನ ತಡವಿ ತಡವಿ ಹಾಕಿದೆ.

ಹೋದ ಬುಧವಾರ ಶಿಬಿರದ ಕುರ್ಚಿ ಎತ್ತಲು ಮೇಡಂ ನನ್ನನ್ನೂ ಕರೆದರು. ನಿಮ್ಮ ಪಕ್ಕದಲ್ಲಿ ಕೂತೆ. ಮೇಡಂ ಹಿಂದೆ ಫೋನಿನಲ್ಲಿ ಮುಳುಗಿದ್ದರು. ಕಳ್ಳನನ್ನು ಹಿಡಿಯಲು ಬಂದವನ ಹಾಗೆ ನಿಮ್ಮ ಕಾಲನ್ನೇ ನೋಡಿದೆ. ಖಾಲಿ ರಸ್ತೆಯಲ್ಲೂ ವೇಗ ಮೂವತ್ತೈದು, ಹೆಚ್ಚೆಂದರೆ ನಲವತ್ತು. ಮೇವು ಹೇರಿದ ಟ್ರ್ಯಾಕ್ಟರಿನ ಬೆನ್ನು ಬಿಡಲೇ ಇಲ್ಲ.

“ಮುಂದ ಹೋಗ್ರಿ ಚಾಚಾ, ಎದುರಿಗೆ ಯಾರೂ ಇಲ್ಲ,” ಎಂದೆ.

“ಇದರ ಹಿಂದ ಹೋದ್ರ ಗಾಳಿ ಬಡಿಯೂದಿಲ್ಲ, ಸುಮ್ನ ಕೂಡು. ಹಿಂಗ ಗಡಿಬಿಡಿ ಮಾಡ್ತಿ, ಅದಕ್ಕ ನಿನ್ನ ಎಂಜಿನ್ ಲಗೂನ ಏಳತೈತಿ,” ಎಂದಿರಿ. ಮೇಡಂ ನಕ್ಕರು. ಇಷ್ಟೇ ಗುಟ್ಟು, ನಿಧಾನ, ಸಿಕ್ಕಿತು ಎಂದುಕೊಂಡೆ.

ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಿತು. ರಸ್ತೆ ತಿರುಗಿ ಬಿಸಿಲು ಎದುರಾಯಿತು. ಮುಂದೆ ಕುರಿ ಹಿಂಡೊಂದು ರಸ್ತೆ ತುಂಬ ಹರಡಿತ್ತು. ಕುರಿಯವರ ಮನೆಯಲ್ಲಿ ಹುಟ್ಟಿದ ನನಗೆ ಅದು ದೂರದಿಂದಲೇ ಕಂಡಿತು. ಈಗ ಕಾಲು ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಇನ್ನಷ್ಟು ಹತ್ತಿರ ಹೋದೆವು. ಎತ್ತಲಿಲ್ಲ.

“ಚಾಚಾ, ಕುರಿ!”

ನೀವು ಬ್ರೇಕ್ ಒತ್ತಿದ ರಭಸಕ್ಕೆ ಮೇಡಂ ಕೈಯ ಫೋನು ಕೆಳಗೆ ಬಿತ್ತು. ಒಂದು ಮರಿ ಬಂಪರಿಗೆ ಮೈ ಉಜ್ಜಿಕೊಂಡು ಹೋಯಿತು. “ಕಣ್ಣ ಮನ್ಯಾಗ ಇಟ್ಟ ಬಂದಿಯೇನ್?” ಎಂದು ಕುರಿಯವನು ಕೋಲೆತ್ತಿದ. “ಕಂಡಿದ್ದೂ ಲೇ, ನೀ ಯಾಕ ಒದರ್ತಿ,” ಎಂದು ನೀವು ನನಗೆ ಬೈದಿರಿ.

ನಿಮಗೆ ಕಾಣುತ್ತಿಲ್ಲ ಚಾಚಾ. ನಂಬರನ್ನು ನನ್ನಿಂದ ಓದಿಸಿದ್ದು ಹಂಗಿಸಲಿಕ್ಕಲ್ಲ. ಪ್ಲಗ್ಗಿನ ತೂತನ್ನು ತಡವಿದ್ದು ವಿದ್ಯೆಯಲ್ಲ. ಟ್ರ್ಯಾಕ್ಟರಿನ ಹಿಂದೆ ಹೋದದ್ದು ಗಾಳಿಗಾಗಿ ಅಲ್ಲ, ಅದರ ಬೆನ್ನೊಂದೇ ನಿಮಗೆ ಕಾಣುತ್ತಿದ್ದ ರಸ್ತೆ. ನಾನು ನಾಲ್ಕು ತಿಂಗಳು ಅಸೂಯೆಪಟ್ಟದ್ದು ನಿಮ್ಮ ಹೆದರಿಕೆಯ ಮೇಲೆ.

ಇಷ್ಟು ಬರೆದ ಮೇಲೆ ನನ್ನ ಮೇಲೂ ನನಗೆ ಸಂಶಯ ಬರುತ್ತಿದೆ. ಮುಂದಿನ ತಿಂಗಳಿಂದ ಈ ಗಾಡಿ ನಿಮಗೊಬ್ಬರಿಗೇ, ನಾನು ಹಳೆಯ ಗಾಡಿಗೆ ಎಂದು ಮೇಡಂ ಹೇಳಿದ್ದಾರೆ. ಆ ಸಿಟ್ಟಿಗೆ ನನಗೆ ಹೀಗೆ ಕಾಣುತ್ತಿದೆಯೇ? ಐದು ದಿನ ಇದನ್ನೇ ಯೋಚಿಸಿದೆ. ಆದರೆ ಗುರುವಾರ ಮೇಡಂ ಸೊಸೆಯೂ ಮೂರು ತಿಂಗಳ ಕೂಸೂ ಇಳಕಲ್ಲಿಗೆ ಹೊರಟಿದ್ದಾರೆ. ವಾರ ನನ್ನದಾದರೂ, “ಕೂಸ ಐತಿ, ಅಹ್ಮದಸಾಬನ ಕಾಲು ಮೆತ್ತಗ,” ಎಂದು ಮೇಡಂ ನಿಮಗೇ ಹೇಳಿದ್ದಾರೆ. ಹುನಗುಂದ ದಾಟಿದರೆ ಕಲ್ಲು ಹೇರಿದ ಲಾರಿಗಳು. ಅವು ಕುರಿಗಳಲ್ಲ.

ಕಣ್ಣು ಸರಿಹೋದ ದಿನ ಕೀಲಿಯನ್ನು ನಾನೇ ತಂದು ನಿಮ್ಮ ಕೈಗೆ ಇಡುತ್ತೇನೆ. ಆಗ ಎಂಜಿನ್ ಬೇಗ ಎದ್ದರೆ ಏಳಲಿ.

ಈ ಪತ್ರ ನೀವೇ ಓದಿದ್ದರೆ ನನ್ನ ಮಾತು ಸುಳ್ಳು. ನಾಳೆ ಚಹಾದ ಹೊತ್ತಿಗೆ ಎಲ್ಲರೆದುರು ನನ್ನ ಕಪಾಳಕ್ಕೆ ಹೊಡೆಯಿರಿ, ತಲೆ ತಗ್ಗಿಸಿ ಹಳೆಯ ಗಾಡಿಗೆ ಹೋಗುತ್ತೇನೆ. ಓದಲಾಗದಿದ್ದರೆ ನೀವು ಮೊಮ್ಮಗಳನ್ನು ಕರೆಯುತ್ತೀರಿ. ಕರೆಯಲೆಂದೇ ಬಾಯಿಂದ ಹೇಳದೆ ಬರೆದೆ. ಈ ಮೋಸಕ್ಕೆ ಕ್ಷಮೆ ಇರಲಿ.

ಸಾಯಿಮಾ, ಇಷ್ಟು ಹೊತ್ತು ಇದನ್ನು ಗಟ್ಟಿಯಾಗಿ ಓದಿದವಳು ನೀನಾಗಿದ್ದರೆ, ನಿನ್ನ ದಾದಾ ಈಗ ಪತ್ರ ಕಸಿದುಕೊಳ್ಳಲು ಕೈ ಚಾಚಿರುತ್ತಾರೆ. ಕೊಡಬೇಡ. ಅವರಿಗೆ ಬೈಯಲೂ ಬೇಡ. ನಾಳೆ ಮಧ್ಯಾಹ್ನ ಕಣ್ಣಿನ ದವಾಖಾನೆಗೆ ಹೋಗಲು ನಾನು ಆಟೋ ತರುತ್ತೇನೆ, ನೀನೂ ಬಾ. ಮೇಡಂಗೆ ಅವರೇ ಹೇಳಲಿ, ಅದು ಅವರ ಮಾನ. ಬುಧವಾರ ಸಂಜೆಯವರೆಗೆ ಹೇಳದಿದ್ದರೆ ನಾನು ಎದುರಿಗೆ ನಿಂತು ಹೇಳುತ್ತೇನೆ.

ನಿಮ್ಮ ಅಲ್ಲಾ, ನಮ್ಮ ಬೀರಪ್ಪ, ಇಬ್ಬರೂ ನಿಮ್ಮನ್ನು ಕಾಯಲಿ ಚಾಚಾ.

ನಿಮ್ಮ ಸಿಟ್ಟಿಗೆ ಸಿದ್ಧನಾಗಿರುವ,
ಅಮಸಿದ್ದ