ಡಿಲನ್ ಸಾಹೇಬರ ಸಹಿ

ನವೆಂಬರ್ 5, 1996. ಮಂಗಳವಾರ

ಇವತ್ತೂ ಅದೇ ಅಧ್ಯಾಯ. ಮೂರನೇ ಸಲ.

ಊಟದ ನಂತರ ಡಿಲನ್ ಬಾಗಿಲು ಮುಚ್ಚಿಸಿ ಆತ್ಮಕಥೆ ಹೇಳುತ್ತಾರೆ, ನಾನು ಶಾರ್ಟ್‌ಹ್ಯಾಂಡ್‌ನಲ್ಲಿ ಬರೆದುಕೊಂಡು ಟೈಪ್ ಮಾಡುತ್ತೇನೆ. ದೋಹಾಕ್ಕೆ ಸೇಫ್ಟಿ ಮ್ಯಾನೇಜರ್ ಆಗಿ ಬರುವ ಮುಂಚೆ ಹನ್ನೊಂದು ವರ್ಷ ಅಮೆರಿಕನ್ ಫುಟ್‌ಬಾಲ್ ಆಡಿದವರು. ಡಿಫೆನ್ಸ್. ಚೆಂಡು ಹಿಡಿದು ಓಡುವವನನ್ನು ಕೆಡವುವುದೇ ಸಂಬಳದ ಕೆಲಸ. ತಲೆಗೆ ತಲೆ ಡಿಕ್ಕಿ. ಪ್ರಜ್ಞೆ ತಪ್ಪಿದರೆ ಮೂಗಿಗೆ ಏನೋ ಹಿಡಿದು ಎಬ್ಬಿಸಿ ಮತ್ತೆ ಒಳಗೆ ಕಳಿಸುತ್ತಿದ್ದರಂತೆ. ಅದನ್ನು ಹೆಮ್ಮೆಯಿಂದ ಹೇಳುತ್ತಾರೆ.

ಇದೇ ಅಧ್ಯಾಯದ ಹಿಂದಿನ ಪುಟಗಳು ಡ್ರಾಯರ್‌ನಲ್ಲಿವೆ ಎಂದು ನಾನು ಹೇಳಲಿಲ್ಲ. ಹೇಳಿದರೆ ಸಿಟ್ಟಿನಲ್ಲಿ ಸ್ಟೇಪ್ಲರ್ ಗೋಡೆಗೆ ಎಸೆಯುತ್ತಾರೆ.

ನವೆಂಬರ್ 6

ರಜೆ ಅರ್ಜಿಗೆ ಸಹಿ ಆಯಿತು. ಅಬ್ಬ.

ತಂಗಿ ರೋಸ್‌ಮೇರಿಯ ಮದುವೆ 25ಕ್ಕೆ, ಹಿಂದಿನ ದಿನ ರೋಸ್, ಮದುಮಗಳಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಅಪ್ಪ ಅಮ್ಮ ಇಬ್ಬರೂ ಇಲ್ಲ. ಅವಳ ತಲೆಗೆ ಮೊದಲು ಹಚ್ಚಬೇಕಾದವಳು ನಾನು.

ಡಿಲನ್‌ಗೆ ಕೈ ನಡುಗುತ್ತದೆ. ಆದರೂ ನನ್ನದೇ ರಜೆ, ಇದಕ್ಕೆ ಅವರೇ ಸಹಿ ಹಾಕಲಿ ಎಂದು ಪೆನ್ನು ಕೊಟ್ಟೆ. ಮಿಕ್ಕ ಕಾಗದಗಳಿಗೆಲ್ಲ — ಸೈಟ್ ಪಾಸ್, ಫ್ಯಾಕ್ಸ್, ಮೆಮೊ — ಮಾರ್ಚ್‌ನಿಂದ ಅವರ ಸಹಿ ನಾನೇ ಹಾಕುತ್ತಿದ್ದೇನೆ. ಅವರೇ ಹೇಳಿದ್ದು. ಅವರ ಹಳೇ ಸಹಿ ಈಗ ಅವರಿಗಿಂತ ನನಗೇ ಚೆನ್ನಾಗಿ ಬರುತ್ತದೆ.

ನವೆಂಬರ್ 17. ಭಾನುವಾರ

ದೇಶ ಬಿಡಲು ಕಂಪನಿ ಕೊಡಬೇಕಾದ ಎಕ್ಸಿಟ್ ಪರ್ಮಿಟ್ ಬರಲಿಲ್ಲ. ಎಚ್‌ಆರ್‌ನ ಇಬ್ರಾಹಿಂ ನಮ್ಮ ಮಂಗಳೂರಿನವರೇ. ಹೋಗಿ ಕೇಳಿದೆ. ಅರ್ಜಿ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಅಪೊಲೋನಿಯಾ ಬಾಯಿ, ಇದು ಸಾರ್‌ನ ಸೈನ್ ಅಲ್ಲ ಮಾರಾಯ್ರೆ. ಫೈಲಲ್ಲಿ ಇನ್ನೂರು ಸೈನ್ ಉಂಟು. ಒಂದಕ್ಕೂ ಇದು ಹೋಲುವುದಿಲ್ಲ."

"ಅವರನ್ನೇ ಕೇಳಿ."

"ಕೇಳಿದೆ. ತಾನು ಹಾಕಲೇ ಇಲ್ಲ ಅಂತಾರೆ. ಇದು ಫೋರ್ಜರಿ ಕೇಸ್ ಆಗ್ತದೆ, ಗೊತ್ತುಂಟಾ?"

ಗೊತ್ತುಂಟು. ನನ್ನ ಪಾಸ್‌ಪೋರ್ಟ್ ಇಬ್ರಾಹಿಂ ಕಪಾಟಿನಲ್ಲೇ ಇದೆ ಎನ್ನುವುದೂ ಗೊತ್ತುಂಟು.

ಅದೇ ದಿನ, ಸಂಜೆ

ಮುಂತಜಾ ಬಡಾವಣೆಯ ನನ್ನ ರೂಮಿಗೆ ಬಂದು ಚಪ್ಪಲಿ ಬಿಸಾಡಿದೆ. ಆಫೀಸಿನಲ್ಲಿ ಸರ್ ಸರ್ ಎಂದು ಸಾಕಾಯಿತು, ಇವತ್ತೊಂದು ದಿನ ಇಲ್ಲಾದರೂ ಡಿಲನ್‌ನನ್ನು ಅವನು ಎಂದೇ ಬರೆಯುತ್ತೇನೆ.

ಅವನು ಹಾಕಿದ ಒಂದೇ ಒಂದು ಸಹಿ ಸುಳ್ಳಾಯಿತು. ನಾನು ಹಾಕಿದ ಇನ್ನೂರು ನಿಜವಾದವು. ಅದು ಅವನದು ಎಂದು ತೋರಿಸಬೇಕಾದರೆ ಇವು ನನ್ನವು ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮದುವೆಗಲ್ಲ, ಜೈಲಿಗೆ.

ಅವನಿಗೆ ಮರೆವು ಎಂದರೆ ಯಾರು ನಂಬುತ್ತಾರೆ? ಎಂಟು ತಿಂಗಳು ಅದನ್ನು ಹೊರಗೆ ಬಿಡದೆ ಮುಚ್ಚಿದವಳು ನಾನೇ. ತಪ್ಪು ಹೆಸರು ತಿದ್ದಿದೆ, ತಪ್ಪಿದ ಮೀಟಿಂಗಿಗೆ ನೆಪ ಹೇಳಿದೆ. ಒಳ್ಳೆಯ ಸೆಕ್ರೆಟರಿ ಎಂಬ ಜಂಭ ಬೇರೆ. ಅವನ ಮೇಲೆ ಸಿಟ್ಟು. ಆ ತಲೆಯನ್ನು ಹನ್ನೊಂದು ವರ್ಷ ಕುಟ್ಟಿಸಿ ಚಪ್ಪಾಳೆ ಹೊಡೆದವರ ಮೇಲೆ ಸಿಟ್ಟು. ಎಲ್ಲಕ್ಕಿಂತ ನನ್ನ ಮೇಲೆ.

ನವೆಂಬರ್ 19

ಇಬ್ರಾಹಿಂ ಕೋಣೆ. ಡಿಲನ್ ಪಕ್ಕದ ಕುರ್ಚಿಯಲ್ಲಿ. ಅವರು ಮರೆತು ಮೂರು ಸಲ ಬರೆಸಿದ ಒಂದೇ ಅಧ್ಯಾಯವನ್ನು ತಾರೀಖಿನ ಸಮೇತ ಮೇಜಿಗೆ ಬಡಿದೆ. ಡಿಲನ್ ಮೂರನ್ನೂ ಓದಿದರು.

ಇಬ್ರಾಹಿಂ ಖಾಲಿ ಹಾಳೆ ಕೊಟ್ಟು ಐದು ಸಲ ಸಹಿ ಮಾಡಿಸಿದರು. ಐದೂ ನಡುಗಿ ಕೆಳಗೆ ಜಾರಿದವು. ನನ್ನ ಅರ್ಜಿಯಲ್ಲಿದ್ದದ್ದೇ.

"ಹಾಗಾದರೆ ಫೈಲಿನಲ್ಲಿರುವುದು ಯಾರದು?" ಇಂಗ್ಲಿಷಿನಲ್ಲಿ ಕೇಳಿದರು.

ನಾನು ಮೇಜಿನ ಮೇಲಿನ ಪುಟಗಳನ್ನು ಜೋಡಿಸತೊಡಗಿದೆ.

"ಅವೂ ನನ್ನವೇ," ಎಂದರು ಡಿಲನ್. "ಕೆಲವು ದಿನ ಕೈ ಚೆನ್ನಾಗಿರುತ್ತದೆ."

ಇಬ್ರಾಹಿಂ ನನ್ನನ್ನು ನೋಡಿದರು, ಫೈಲ್ ಮುಚ್ಚಿದರು. "ಖಲಾಸ್. ಪರ್ಮಿಟ್ ನಾಳೆ ಸಿಗ್ತದೆ." ಡಿಲನ್‌ಗೆ ಗುರುವಾರ ಮೆಡಿಕಲ್. ಆಮೇಲೆ ಊರಿಗೆ ಕಳಿಸುತ್ತಾರೆ, ಅದರಲ್ಲಿ ಅನುಮಾನವಿಲ್ಲ.

ಕೆಲಸ ಕಳೆದುಕೊಂಡು ನನ್ನನ್ನು ಕಾಪಾಡಿದರು. ಥ್ಯಾಂಕ್ಸ್ ಹೇಳಲಿಲ್ಲ. ಸಿಟ್ಟು ಇಳಿದಿರಲಿಲ್ಲ.

ನವೆಂಬರ್ 20. ಮಧ್ಯಾಹ್ನ

ಪರ್ಮಿಟ್ ಕೈಯಲ್ಲಿದೆ. ನಾಳೆ ಬೆಳಿಗ್ಗೆ ಫ್ಲೈಟ್.

ಥ್ಯಾಂಕ್ಸ್ ಹೇಳಲು ಒಳಗೆ ಹೋದೆ. ಯಾಕೆ ಎಂದು ಕೇಳಿದರು. ನಿನ್ನೆಯದನ್ನು ಹೇಳಿದೆ, ಇನ್ನೂರು ಸಹಿಯ ವಿಷಯ. ಹುಬ್ಬು ಗಂಟಿಕ್ಕಿದರು.

"ಅವು ನನ್ನವೇ ಅಲ್ಲವಾ?"

ಕಾಪಾಡಿದ್ದಲ್ಲ. ಅವು ತಮ್ಮವೇ ಎಂದು ನಂಬಿದ್ದರು.

"ಹೌದು ಸರ್," ಎಂದೆ. ನನ್ನ ಧ್ವನಿ ಕೇಳಿ ನನಗೇ ಹೇಸಿಗೆ ಬಂತು. ಅವರಿಗೆ ಎಷ್ಟು ಸಮಾಧಾನ!

"ನಾಳೆ ಡಾಕ್ಟರ್ ಹತ್ತಿರ ಜೊತೆಗೆ ಬಾ. ನನಗೆ ಉತ್ತರ ಹೊಳೆಯದಿದ್ದರೆ ನೀನು ಹೇಳು."

ನಾಳೆ ನಾನಿರುವುದಿಲ್ಲ ಎಂದು ಬೆಳಿಗ್ಗೆಯಿಂದ ಮೂರು ಸಲ ಹೇಳಿದ್ದೇನೆ. ನಾಲ್ಕನೇ ಸಲ ಹೇಳಲು ಹೋದೆ, ಅಷ್ಟರಲ್ಲಿ ಅವರು ಬಾಗಿಲು ಮುಚ್ಚಿಸಿ ಅದೇ ಅಧ್ಯಾಯ ಶುರು ಮಾಡಿದರು.