ಕಾಡಿನ ಪಾಲು

೧೪ನೇ ತಾರೀಖು, ಶುಕ್ರವಾರ
ಆಸ್ಪತ್ರೆಯ ಮೂರನೇ ಮಹಡಿ, ಕುಡಿಯುವ ನೀರಿನ ಯಂತ್ರದ ಪಕ್ಕದ ಬೆಂಚು

ನನ್ನ ಗಿಡ್ಡಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರುಮಾಡುವುದು ವಾಡಿಕೆ. ಆ ಸಾಲನ್ನು ಈ ಸಲ ಖಾಲಿ ಬಿಟ್ಟಿದ್ದೇನೆ, ನೀನೇ ಏನಾದರೂ ತುಂಬಿಕೊ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ದಿನವೂ ಪೆನ್ನು ತೆಗೆಯುತ್ತೇನೆ. ಅಷ್ಟರಲ್ಲಿ ಯಾರಾದರೂ ಬಂದು ಕೈಗೊಂದು ಚೀಟಿ ಕೊಟ್ಟು ಕೆಳಗಿನ ಔಷಧಿ ಕೌಂಟರಿಗೆ ಓಡಿಸುತ್ತಾರೆ. ವಾಪಸು ಬರುವಷ್ಟರಲ್ಲಿ ಬೆಂಚಿನ ಮೇಲೆ ಬೇರೆ ಯಾರದೋ ಗಂಡ ಕೂತಿರುತ್ತಾನೆ. ಫೋನಿನಲ್ಲಿ ಹೇಳೋಣವೆಂದರೆ ಎರಡನೇ ವಾಕ್ಯಕ್ಕೇ ಫೋನನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗುತ್ತೇನೆ. ನೀನು "ಅಪ್ಪಾ, ಲೈನ್ ಹೋಯ್ತಾ?" ಅನ್ನುತ್ತೀಯ, ನಾನು "ಹೂಂ, ಹೋಯ್ತು" ಅನ್ನುತ್ತೇನೆ.

ಅಮ್ಮನಿಗೆ ಏನಾಗಿದೆ ಎಂದು ನಿನಗೆ ತುಂಡು ತುಂಡಾಗಿ ಹೇಳಿದ್ದೇನೆ, ಕೆಲವು ತುಂಡುಗಳನ್ನು ನುಂಗಿಯೂ ಇದ್ದೇನೆ. ಈಗ ಮೊದಲಿನಿಂದ ಬರೆಯುತ್ತೇನೆ. ಪೂರ್ತಿ ಓದಿದ ಮೇಲೆಯೇ ಅಳು.

ಕಳೆದ ತಿಂಗಳು ಅವಳು ಹೊಸ ತಂಡವೊಂದನ್ನು ಬೆಟ್ಟದಾಚೆಯ ಕಾಡಿಗೆ ಕರೆದುಕೊಂಡು ಹೋದಳು. ಅದೇ ಪಾಠ: ದಾರಿ ತಪ್ಪಿ, ಹುಡುಕಿಕೊಂಡು ಯಾರೂ ಬರದಿದ್ದರೆ ಬದುಕುವುದು ಹೇಗೆ. ನಾನು ಎಂದಿನಂತೆ ಅಂಗಡಿಯಲ್ಲಿ ಟೆಂಟು, ಹಗ್ಗ, ಮಲಗುವ ಚೀಲಗಳನ್ನು ಬಾಡಿಗೆಗೆ ಕೊಟ್ಟುಕೊಂಡು, ಒಂದೊಂದರ ಚೀಟಿಗೂ ಪ್ರಾಸ ಹೊಸೆದುಕೊಂಡು ಕೂತಿದ್ದೆ. "ಗೂಟ ಹೊಡೆದರೆ ಗೂಡು, ಮರೆತರೆ ಗಾಳಿಪಟದ ಪಾಡು." ಇದು ಹೊಸದು. ನಿನಗೆ ಸ್ವಲ್ಪ ನಗು ಬರಲಿ ಎಂದು ಇಲ್ಲಿ ಸೇರಿಸಿದೆ.

ಕಾಡಿಗೆ ಹೋದ ಮಾರನೆಯ ದಿನವೇ ಅವಳಿಗೆ ಸೊಂಟದ ಮೇಲುಗಡೆ ನೋವು, ಚಳಿಜ್ವರ. ಇಳಿದು ಬರುವ ಬದಲು ಡಬ್ಬಿ ತೆಗೆದಳು.

ಆ ಡಬ್ಬಿಯ ಕಥೆ ನಿನಗೆ ಹೇಳಬೇಕಾಗಿಲ್ಲ, ನೀನು ಅದರ ಜೊತೆಗೇ ಬೆಳೆದವಳು. ಆದರೂ ಬರೆಯುತ್ತೇನೆ, ಯಾಕೆಂದರೆ ಬರೆದು ನೋಡಿದರೆ ಅದು ಬೇರೆಯೇ ಥರ ಕಾಣುತ್ತದೆ. ಮನೆಯಲ್ಲಿ ಯಾರಿಗೆ ಜ್ವರ ಬಂದು ಡಾಕ್ಟರು ಆಂಟಿಬಯಾಟಿಕ್ ಬರೆದುಕೊಟ್ಟರೂ, ಜ್ವರ ಇಳಿಯುವ ತನಕ ನುಂಗುವುದು, ಉಳಿದದ್ದನ್ನು ಡಬ್ಬಿಗೆ ಹಾಕುವುದು. ಅದಕ್ಕೆ ಅಮ್ಮ ಇಟ್ಟ ಹೆಸರು 'ಕಾಡಿನ ಪಾಲು.' ಒಂದು ದಿನ ರಸ್ತೆ ಇರುವುದಿಲ್ಲ, ಡಾಕ್ಟರು ಇರುವುದಿಲ್ಲ, ಔಷಧಿ ಅಂಗಡಿಯ ಬಾಗಿಲು ತೆರೆದಿರುವುದಿಲ್ಲ, ಆ ದಿನಕ್ಕೆ. ನಿಯಮ ಅವಳದು, ಮುಚ್ಚಳದ ಮೇಲಿನ ಪ್ರಾಸ ನನ್ನದು: "ಇಂದಿನ ಜ್ವರಕ್ಕೆ ಅರ್ಧ, ಮುಂದಿನ ಜೀವಕ್ಕೆ ಅರ್ಧ." ಅವಳ ಶಿಷ್ಯರೆಲ್ಲ ಅದನ್ನು ಬಾಯಿಪಾಠ ಮಾಡಿದರು, ತಮ್ಮ ತಮ್ಮ ಮನೆಯ ಅರ್ಧಗಳನ್ನೂ ತಂದು ಸುರಿದರು. ನೀನು ಎರಡನೇ ಕ್ಲಾಸಿನಲ್ಲಿ ಗಂಟಲು ಬಾತು ಮಲಗಿದ್ದಾಗ, ಜ್ವರ ಬಿಟ್ಟ ಬೆಳಿಗ್ಗೆಯೇ ಎದ್ದು ಬಂದು ಉಳಿದ ಮಾತ್ರೆಗಳನ್ನು ಡಬ್ಬಿಗೆ ಹಾಕಿ ಚಪ್ಪಾಳೆ ಗಿಟ್ಟಿಸಿದ್ದೆ. ಬೇರೆ ಮನೆಗಳಲ್ಲಿ ಮಕ್ಕಳು ಹುಂಡಿಗೆ ಚಿಲ್ಲರೆ ಹಾಕುತ್ತಿದ್ದರು. ಒಮ್ಮೆ ಮೀನಿನ ತೊಟ್ಟಿಗೆ ಹಾಕುವ ಔಷಧಿಯೂ ನಮ್ಮ ಡಬ್ಬಿ ಸೇರಿತ್ತು, ಚೀಟಿಯಿಲ್ಲದೆ ಸಿಗುತ್ತದೆ ಎಂಬ ಕಾರಣಕ್ಕೆ. ಮನೆಯಲ್ಲಿ ಮೀನಿರಲಿಲ್ಲ.

ಸರಿ, ಕಾಡಿಗೆ ಬರುತ್ತೇನೆ. ಡಬ್ಬಿಯ ಮಾತ್ರೆ ನುಂಗಿದ ಮೇಲೆ ಜ್ವರ ಸ್ವಲ್ಪ ತಗ್ಗಿತಂತೆ. ಅಮ್ಮ ಬಿಡುವವಳೇ? ತನ್ನನ್ನೇ ಪಾಠ ಮಾಡಿಕೊಂಡಳು. "ನೋಡ್ರಪ್ಪಾ, ಇದಕ್ಕೇ ನಾನು ಹೇಳೋದು, ಡಬ್ಬಿ ಇದ್ರೆ ಡಾಕ್ಟ್ರು ಜೊತೇಲೇ ಇದ್ದ ಹಾಗೆ" ಎಂದಳಂತೆ. ಆಮೇಲೆ ಜ್ವರ ಮತ್ತೆ ಏರಿತು. ಅವಳು ಡಬ್ಬಿಯಲ್ಲಿ ಇನ್ನೊಂದು ಬಣ್ಣದ ಮಾತ್ರೆ ಹುಡುಕಿದಳು. ಅದು ಮುಗಿದ ಮೇಲೆ ಮತ್ತೊಂದು ಬಣ್ಣ. ಕೊನೆಗೆ ನಿಲ್ಲಲಾಗದೆ ಬಿದ್ದಾಗ, ಅವಳು ಹಿಂದಿನ ದಿನ ಕಲಿಸಿದ್ದ ಹಾಗೆಯೇ ಎರಡು ಕೋಲಿಗೆ ಕಂಬಳಿ ಕಟ್ಟಿ ಅವಳನ್ನೇ ಹೊತ್ತುಕೊಂಡು ಇಳಿದರು. ಹೊತ್ತವರಲ್ಲಿ ಹಗ್ಗದ ಮೇಷ್ಟ್ರೂ ಇದ್ದರು. ನಿನಗೆ ಅವರ ನೆನಪಿರಬಹುದು, ನಿವೃತ್ತಿಯಾದ ವರ್ಷವೇ ಬಂದು ಸೇರಿಕೊಂಡವರು, ಗಂಟು ಹಾಕಲು ಇವತ್ತಿಗೂ ಬಾರದಿರುವುದಕ್ಕೆ ಆ ಹೆಸರು. ದಾರಿಯುದ್ದಕ್ಕೂ ಅಮ್ಮ ಮಲಗಿದಲ್ಲಿಂದಲೇ ಬೈಯುತ್ತಿದ್ದಳಂತೆ.

"ಮೇಷ್ಟ್ರೇ, ಕಾಲ ಹತ್ರದ ಗಂಟು ಜಾರ್ತಾ ಇದೆ."

"ನೀವು ಸುಮ್ನೆ ಮಲಗೀಮ್ಮಾ."

"ನೀವು ಸರಿಯಾಗಿ ಕಟ್ಟಿದ್ರೆ ಮಲಗ್ತಿದ್ದೆ."

ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಬೈಗುಳ ನಿಂತಿತ್ತು. ಆಗ ಹೆದರಿಕೆಯಾಯಿತು ಎಂದರು ಮೇಷ್ಟ್ರು.

ಇಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿನಗಿಂತ ಹೆಚ್ಚೆಂದರೆ ಐದಾರು ವರ್ಷ ದೊಡ್ಡವರಿರಬಹುದು. ಸೋಂಕು ಮೂತ್ರಪಿಂಡದಿಂದ ರಕ್ತಕ್ಕೆ ಹತ್ತಿದೆ ಎಂದರು. ರಕ್ತದಿಂದ ಕ್ರಿಮಿಯನ್ನು ಬೆಳೆಸಿ, ಒಂದೊಂದೇ ಔಷಧಿ ಹಾಕಿ ನೋಡಿದ್ದಾರೆ. ಒಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅದು ಜಗ್ಗುತ್ತಿಲ್ಲ. ನಾವು ಹತ್ತು ಹದಿನೈದು ವರ್ಷಗಳಿಂದ ಏನೇನು ನುಂಗಿದ್ದೇವೆ ಎಂದು ಕೇಳಿದರು. ನಾನು ಹೆಮ್ಮೆಯಿಂದಲ್ಲ, ಆದರೆ ಅಭ್ಯಾಸದಿಂದ, ಡಬ್ಬಿಯ ಪ್ರಾಸವನ್ನೇ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತು ಹೇಳಿದರು:

"ನೋಡಿ ಅಮ್ಮ, ಒಂದ್ಸಲ ಈ ಮಾತ್ರೆ ಅರ್ಧ, ಇನ್ನೊಂದ್ಸಲ ಆ ಮಾತ್ರೆ ಅರ್ಧ, ಬೇಕಾದಾಗ್ಲೂ ಬೇಡದಾಗ್ಲೂ. ಪ್ರತಿ ಸಲಾನೂ ಮೆತ್ತಗಿರೋ ಕ್ರಿಮಿ ಸತ್ತಿದೆ, ಗಟ್ಟಿ ಇರೋದು ಉಳ್ಕೊಂಡು ಬೆಳೆದಿದೆ. ಇಷ್ಟು ವರ್ಷ ನಿಮ್ಮೊಳಗೇ ಅವಕ್ಕೆ ತರಬೇತಿ ಆಗಿದೆ."

ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. "ಎಲ್ಲಾ ಔಷಧೀನೂ ತಡ್ಕೊಳ್ಳುತ್ತಾ?"

"ಹೆಚ್ಚು ಕಮ್ಮಿ ಎಲ್ಲಾನೂ."

"ಹಾಗಾದ್ರೆ ನಾನು ತಯಾರು ಮಾಡಿದ ಬ್ಯಾಚುಗಳಲ್ಲಿ ಅದೇ ಫಸ್ಟ್ ಕ್ಲಾಸು."

ಡಾಕ್ಟರಮ್ಮ ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದರು. ಮದುವೆಯಾದಾಗಿನಿಂದ ನನಗೂ ಅದೇ ಸಮಸ್ಯೆ ಎಂದು ಹೇಳಬೇಕೆನಿಸಿತು.

ಮಗಳೇ, ನನ್ನನ್ನು ತಿನ್ನುತ್ತಿರುವುದು ಇದು. ಕುಡಿದು ಹಾಳಾಗಿದ್ದರೆ, ಸೋಮಾರಿತನದಿಂದ ಕೆಟ್ಟಿದ್ದರೆ, ಯಾರನ್ನಾದರೂ ದೂರಬಹುದಿತ್ತು. ನಾವು ಜೋಪಾನ ಮಾಡಿದ್ದರಿಂದ ಕೆಟ್ಟೆವು. ಮುಂದಿನ ಕಷ್ಟಕ್ಕೆಂದು ಎತ್ತಿಟ್ಟೆವು, ಎತ್ತಿಟ್ಟದ್ದೇ ಕಷ್ಟವಾಯಿತು. ಈಗ ಆಸ್ಪತ್ರೆಗೆ ರಸ್ತೆ ಇದೆ, ಮೂರು ಪಾಳಿಯಲ್ಲಿ ಡಾಕ್ಟರುಗಳಿದ್ದಾರೆ, ಕೆಳಗೆ ಗೋಡೆಯುದ್ದಕ್ಕೂ ಕಪಾಟು ತುಂಬ ಔಷಧಿ ಇದೆ. ಯಾವ ದಿನ ಬಂದೀತು ಎಂದು ಅವಳು ಊರಿಗೆಲ್ಲ ಪಾಠ ಹೇಳಿದಳೋ ಆ ದಿನ ಅವಳೊಬ್ಬಳಿಗೆ ಬಂದಿದೆ.

ಎರಡು ವಾರದ ಹಿಂದೆ ಹಗ್ಗದ ಮೇಷ್ಟ್ರು ಬಂದಿದ್ದರು. ಕಂಕುಳಲ್ಲಿ ಒಂದು ಗಾಜಿನ ಭರಣಿ, ಬಾಯಿಗೆ ಬಟ್ಟೆ ಕಟ್ಟಿತ್ತು. ಗಂಟು ಜಾರುತ್ತಿತ್ತು. ಒಳಗೆ ಬ್ರೆಡ್ಡಿನ ಚೂರುಗಳ ಮೇಲೆ ನೀಲಿ ಹಸಿರು ಬೂಷ್ಟು. ಅಮ್ಮನ ತರಗತಿಯಲ್ಲಿ ಪ್ರತಿಸಲವೂ ಒಬ್ಬರಾದರೂ ಕೇಳುತ್ತಿದ್ದರಲ್ಲ, ಪೆನಿಸಿಲಿನ್ ಮೊದಲು ಸಿಕ್ಕಿದ್ದು ಬೂಷ್ಟಿನಲ್ಲಂತೆ, ನಾವೇ ಮಾಡಿಕೊಳ್ಳಬಹುದಾ ಎಂದು. ಈ ಮಹಾನುಭಾವರು ಮಾಡಿಯೇ ಬಿಟ್ಟಿದ್ದರು. "ಅಂಗಡೀದು ಯಾವ್ದೂ ನಾಟ್ತಿಲ್ಲ ಅಂದ್ರಲ್ಲ. ಇದು ತಾಜಾ ಇದೆ. ಸೋಸಿ ಕೊಟ್ರೆ ಹೇಗೆ?" ಎಂದು ನನ್ನನ್ನು ಕೇಳಿದರು. ಅವರ ಹೆಂಡತಿ ಅಡುಗೆಮನೆಗೇ ಸೇರಿಸುತ್ತಿಲ್ಲವಂತೆ, ಭರಣಿಯನ್ನು ತಮ್ಮ ಮಂಚದ ಕೆಳಗೆ ಇಟ್ಟುಕೊಂಡು ಬೆಳೆಸಿದ್ದಾರೆ.

ಡಾಕ್ಟರಮ್ಮ ಭರಣಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಮೇಷ್ಟ್ರೇ, ಇದರಲ್ಲಿ ಯಾವ ಯಾವ ಬೂಷ್ಟು ಇದೆ ಅಂತ ಯಾರಿಗೂ ಗೊತ್ತಿಲ್ಲ, ವಿಷಾನೂ ಇರಬಹುದು. ಶುದ್ಧ ಮಾಡೋಕೆ ಕಾರ್ಖಾನೆ ಬೇಕು. ಮಾಡಿದ್ರೂ, ಇವರ ಕ್ರಿಮಿಗೆ ಅದು ತಟ್ಟೋದೇ ಇಲ್ಲ." ಮೇಷ್ಟ್ರು ತಲೆಯಾಡಿಸಿದರು, ಕ್ಲಾಸಿನಲ್ಲಿ ಹಿಂದೆ ಕೂತ ಹುಡುಗ ಆಡಿಸುವ ಹಾಗೆ. ಹೊರಗೆ ಬಂದು ನನ್ನ ಪಕ್ಕ, ಇದೇ ಬೆಂಚಿನಲ್ಲಿ, ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ನನ್ನ ಮನೇಲೂ ಒಂದು ಡಬ್ಬಿ ಇದೆ ಕಣ್ರೀ. ಮೊಮ್ಮಕ್ಕಳದೆಲ್ಲ ಅದರಲ್ಲೇ ಇದೆ" ಎಂದರು. ನಮ್ಮ ಡಬ್ಬಿಯನ್ನು ಕೆಳಗಿನ ಕೌಂಟರಿಗೆ ಒಪ್ಪಿಸಿಬಿಟ್ಟಿದ್ದೇನೆ, ಸುಡಲು. ನಿಮ್ಮದನ್ನೂ ತನ್ನಿ ಎಂದೆ.

ಈಗ ಚಿಕಿತ್ಸೆಯ ವಿಷಯ. ಪರೀಕ್ಷೆಯಲ್ಲಿ ಒಂದೇ ಒಂದು ಚುಚ್ಚುಮದ್ದು ಸ್ವಲ್ಪ ಕೆಲಸ ಮಾಡಿತ್ತು. ಅದು ಹಳೆಯ ಔಷಧಿ, ಒರಟು. ಅದು ಕೇಳುವ ತೆರಿಗೆಯೂ ಒಂದಿದೆ, ಆ ಮಾತು ಆಮೇಲೆ. ಅದನ್ನು ಕೊಟ್ಟರು. ಜ್ವರ ಇಳಿಯಿತು, ಅಮ್ಮ ದಿಂಬಿಗೆ ಒರಗಿ ಕೂತಳು, ಮಂಚದ ಚಕ್ರಕ್ಕೆ ಬ್ರೇಕು ಹಾಕಿಲ್ಲ ಎಂದು ಆಯಾಳ ಮೇಲೆ ರೇಗಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಪ್ರಾಸ ಬರೆಯಲು ಕೂತೆ. ನಿನ್ನೆ ಮಧ್ಯಾಹ್ನ ಅವಳ ಹಲ್ಲು ಮತ್ತೆ ಕಟಕಟ ಎನ್ನತೊಡಗಿತು. ಆ ಚುಚ್ಚುಮದ್ದನ್ನು ತಡೆಯುವುದನ್ನೂ ಕ್ರಿಮಿ ಕಲಿತುಬಿಟ್ಟಿದೆ ಎಂದರು ಡಾಕ್ಟರಮ್ಮ. ಬೇರೆ ಊರಿನ ದೊಡ್ಡ ಆಸ್ಪತ್ರೆಗಳಿಗೆ ಕೇಳಿದ್ದಾರಂತೆ, ಹೊಸದೊಂದು ಔಷಧಿ ಎಲ್ಲಾದರೂ ಇದ್ದರೆ ಕಳಿಸಿ ಎಂದು. "ಸಿಗುತ್ತಾ?" ಎಂದೆ. "ಕೇಳಿದೀವಿ" ಎಂದರು. "ಬಂದ್ರೆ ನಾಟುತ್ತಾ?" ಎಂದೆ. ಅವರು ತಮ್ಮ ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು.

ನೀನು ಹೊರಟು ಬರುತ್ತೇನೆ ಎನ್ನುತ್ತೀಯ ಎಂದು ಗೊತ್ತು. ಹೊರಡಬೇಡ. ಈ ವಾರ್ಡಿನೊಳಗೆ ನಿನ್ನನ್ನು ಬಿಡುವುದಿಲ್ಲ. ಡಾಕ್ಟರಮ್ಮನನ್ನು ನಾನೇ ಕೇಳಿದೆ, ನಿನ್ನ ವಿಷಯ ಹೇಳಿಯೇ ಕೇಳಿದೆ, ಸಾಧ್ಯವೇ ಇಲ್ಲ ಎಂದರು. ಗಾಜಿನಾಚೆಯಿಂದ ನೋಡಲೂ ಈ ವಾರ್ಡಿನೊಳಗಿಂದಲೇ ನಡೆದು ಬರಬೇಕು.

ಅಳಿಯಂದಿರಿಗೆ ನನ್ನ ನೆನಪು ಹೇಳು. ನಿಮ್ಮ ಮನೆಯಲ್ಲೂ ಯಾವುದಾದರೂ ಡ್ರಾಯರಿನಲ್ಲಿ ಅರ್ಧ ಮುಗಿದ ಮಾತ್ರೆಗಳಿದ್ದರೆ ಇವತ್ತೇ ತೆಗೆದು ಔಷಧಿ ಅಂಗಡಿಗೆ ಕೊಟ್ಟು ಬಾ. ಡಾಕ್ಟರು ಬರೆದುಕೊಟ್ಟದ್ದನ್ನು ಅವರು ಹೇಳಿದಷ್ಟು ನುಂಗು, ಬರೆಯದೆ ಇದ್ದದ್ದನ್ನು ಮುಟ್ಟಬೇಡ. ಇದಕ್ಕೆ ಪ್ರಾಸ ಕಟ್ಟಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊ. ನೂರು ವರ್ಷ ಬಾಳು. ಅಮ್ಮನದೂ ಇದೇ ಆಶೀರ್ವಾದ ಎಂದು ತಿಳಿ, ಅವಳೀಗ ನಿದ್ದೆಯಲ್ಲಿದ್ದಾಳೆ.

ನಿನ್ನ
ಅಪ್ಪ

ತಾ. ಕ.: ತೆರಿಗೆಯ ಮಾತು ಆಮೇಲೆ ಎಂದಿದ್ದೆ. ಆ ಚುಚ್ಚುಮದ್ದು ಕಿವಿಯನ್ನು ತೆಗೆಯುತ್ತದೆ. ಮೊದಲೇ ಹೇಳಿದ್ದರು, ಅಮ್ಮ "ಕೊಡಿ" ಎಂದಿದ್ದಳು. ಕೆಲವು ದಿನ ಒಳಗೆ ಸಿಳ್ಳೆ ಹೊಡೆದ ಹಾಗಾಗುತ್ತದೆ ಎನ್ನುತ್ತಿದ್ದಳು, ಆಮೇಲೆ ಅದೂ ನಿಂತಿತು. ಈಗ ನಾವು ಮಾತಾಡುವುದು ಸ್ಲೇಟಿನಲ್ಲಿ. ಭಾನುವಾರ ನೀನು ಫೋನ್ ಮಾಡಿ "ಅಮ್ಮನಿಗೆ ನಾನೇ ಹೇಳಬೇಕು" ಎಂದು ಹಟ ಮಾಡಿದೆಯಲ್ಲ, ಆಗಲೇ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ನಿನಗೆ ಇಲ್ಲ ಎನ್ನಲಾರದೆ ಫೋನನ್ನು ಅವಳ ಕಿವಿಗೆ ಹಿಡಿದೆ. ಅವಳು ನನ್ನ ಮುಖ ನೋಡಿಕೊಂಡು "ಹೂಂ, ಹೌದಾ, ಒಳ್ಳೇದಾಯ್ತು ಕಣೇ, ಚೆನ್ನಾಗಿ ಊಟ ಮಾಡು" ಎಂದಳು. ನೀನು ಆಮೇಲೆ ನನಗೆ ಹೇಳಿದೆ, "ಅಮ್ಮ ಎಷ್ಟು ಗಟ್ಟಿ ಅಪ್ಪಾ, ಅಜ್ಜಿ ಆಗ್ತೀಯ ಅಂದ್ರೂ ಅಳಲಿಲ್ಲ" ಎಂದು. ಫೋನ್ ಇಟ್ಟ ಮೇಲೆ ಅವಳು ಕೇಳಿದಳು, "ಏನಂತೆ, ಸಂಬಳ ಜಾಸ್ತಿ ಆಯ್ತಂತಾ?" ನಾನು ಹೌದೆಂದು ತಲೆಯಾಡಿಸಿದೆ. "ಅಷ್ಟಕ್ಕೆ ಅಳ್ತಿದೀರಲ್ಲ ಕವಿಗಳೇ, ಎಷ್ಟು ಜಾಸ್ತಿ ಆಯ್ತಪ್ಪಾ" ಎಂದಳು. ಆಮೇಲೆ ಎರಡು ಸಲ ಸ್ಲೇಟಿನಲ್ಲಿ ಬರೆದೆ, ಅವಳ ಕಡೆ ತಿರುಗಿಸುವ ಮೊದಲೇ ಒರೆಸಿದೆ. ನಾನು ತೋರಿಸಿದರೆ ಅವಳು ಸ್ಲೇಟು ಓದುವುದಿಲ್ಲ, ನನ್ನ ಮುಖ ಓದುತ್ತಾಳೆ, ಆ ಮಗುವನ್ನು ತಾನು ನೋಡುವುದಿಲ್ಲ ಎಂಬುದು ಅಲ್ಲೇ ಬರೆದಿದೆ. ನಿನ್ನ ಕೈಬರಹದಲ್ಲಿ, ಕಾಗದದ ಮೇಲೆ, ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು. ಅವಳಿಗೆ ಬೆಳಗಿನ ಹೊತ್ತು ಇನ್ನೂ ಸ್ವಲ್ಪ ಎಚ್ಚರವಿರುತ್ತದೆ. ಈ ಕಾಗದ ಕೈಸೇರಿದ ದಿನವೇ ಬರೆ.